ಬೆಳಕು ಅರ್ಜುನನಾದದ್ದು

ದೊಡ್ಡೇರಿ, ಮಧುಗಿರಿ ತಾಲ್ಲೂಕು
೧೧-೨-೨೦೨೫, ಮಂಗಳವಾರ

ಪ್ರೀತಿಯ ಲೋಹಿತಾ,

ನಿನ್ನ ಗಂಟಲು ಈಗ ಹೇಗಿದೆ ತಾಯಿ? ಭಾನುವಾರ ಕೊರಟಗೆರೆಯಲ್ಲಿ ಮೈಕು ಹಿಡಿದಾಗಲೇ ದನಿ ಒಡೆದಿತ್ತು. ಮೆಣಸಿನ ಕಷಾಯ ಕುಡಿಯಬೇಕಂತೆ, ನಿಮ್ಮತ್ತೆ ಬರೆಯಲು ಹೇಳಿದಳು, ಬರೆದಿದ್ದೇನೆ. ನೀನು ಊಟ ಮಾಡದೆ ಹೋದೆಯೆಂದು ಅವಳು ಅವತ್ತಿನಿಂದ ನನಗೆ ಮುದ್ದೆ ಬಡಿಸುತ್ತಿಲ್ಲ, ತಟ್ಟೆಗೆ ಎಸೆಯುತ್ತಾಳೆ. ಎಸೆಯಲಿ. ಫೋನು ಮಾಡಬಹುದಿತ್ತು. ಆದರೆ ನನ್ನ ಬಾಯಿ ನಿನಗೆ ಗೊತ್ತಲ್ಲ, ಫೋನು ಕಿವಿಗಿಟ್ಟರೂ ಅದು ರಂಗಸ್ಥಳದ ಬಾಯಿ, ಬೀದಿಗೆಲ್ಲ ಕೇಳುತ್ತದೆ. ಬೀದಿಗೆ ಕೇಳಬಾರದೆಂಬ ಆಸೆ ಇನ್ನೂ ಇದೆ ನೋಡು ನನಗೆ! ಅದನ್ನು ಬರೆಯಲಿಕ್ಕೂ ನಾಚಿಕೆಯಾಗುತ್ತದೆ.

ನೀನು ಲಂಗ ಹಾಕಿಕೊಂಡು ನಮ್ಮ ಮೂಡಲಪಾಯ ಯಕ್ಷಗಾನದ ಆಟ ನೋಡಲು ಬರುತ್ತಿದ್ದ ಕಾಲದಲ್ಲಿ ಒಂದು ಪ್ರಶ್ನೆ ಕೇಳಿದ್ದೆ. ವೇಷ ಬರುವಾಗ ಇಬ್ಬರು ತೆರೆ ಹಿಡಿಯುತ್ತಾರೆ, ವೇಷಧಾರಿ ಅದರ ಹಿಂದೆ ಕುಣಿಯುತ್ತಾನೆ, ವೇಷಗಳನ್ನು ಮಾತಾಡಿಸುವ ಸಾರಥಿಯಾದ ನಾನು ‘ತಾವು ಯಾರು?’ ಎಂದು ಕೇಳಿದ ಮೇಲೆಯೇ ತೆರೆ ಇಳಿದು ಅವನು ಹೆಸರು ಹೇಳುತ್ತಾನೆ. ‘ಅಲ್ಲೀಗಂಟ ಅವ್ನು ಯಾರು ಮಾವ?’ ಅಂದಿದ್ದೆ. ‘ಯಾರೂ ಅಲ್ಲ, ಸುಮ್ಕೆ ಕೂತ್ಕೊ’ ಎಂದು ನಾನು ಗದರಿದ್ದೆ. ನೀನು ಆ ಪ್ರಶ್ನೆಯನ್ನೇ ಸೆರಗಿಗೆ ಕಟ್ಟಿಕೊಂಡು ಹೋಗಿ ಕ್ವಾಂಟಂ ವಿಜ್ಞಾನಿಯಾದೆ. ಆಮೇಲೆ ನಿನ್ನ ಸಂಸ್ಥೆಯವರನ್ನೂ ಚಿತ್ರಕಾರ ಪ್ರಭುದೇವ್ ಅವರನ್ನೂ ಕರೆದುಕೊಂಡು ನಮ್ಮ ಮೇಳಕ್ಕೇ ಬಂದೆ. ಬೆಳಕು ಅಲೆಯೂ ಹೌದು ಕಣವೂ ಹೌದು, ‘ನೀವು ಕೇಳೋವರ್ಗೂ ಎರಡೂ ಮಾವ, ಕೇಳಿದ್ಮೇಲೇ ಅದು ಒಂದಾಗೋದು’ ಅಂದೆ. ಪ್ರಭುದೇವ್ ನಮ್ಮ ಮೇಳದ ಪರ್ವತಯ್ಯನಿಗೆ ಮೈಯ ಒಂದು ಮಗ್ಗುಲಿಗೆ ಅಲೆಯ ನೀಲಿ ಸೀರೆ, ಇನ್ನೊಂದಕ್ಕೆ ಚಿನ್ನದ ಚುಕ್ಕಿಯ ಅಂಗಿ ಹೊಂದಿಸಿ ಬೆಳಕಿನ ವೇಷ ಕಟ್ಟಿದರು. ನನಗಿದ್ದದ್ದು ಒಂದೇ ಕೆಲಸ. ಭಾಗವತರು ಹಾಡುವ ಕೊನೆಯ ಪದ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿದ್ದು, ಆಮೇಲೆ ಕೇಳುವುದು. ಆಗ ಯಾವ ಮಗ್ಗುಲು ಜನರ ಕಡೆಗಿರುತ್ತದೋ ಬೆಳಕು ಅದೇ ಆಗಬೇಕಿತ್ತು.

ಭಾನುವಾರದ ಆಟದಲ್ಲಿ ಮೊದಲಿಗೆ ಬಾಯಿ ಮುಚ್ಚಿಕೊಂಡೇ ಇದ್ದೆ. ತೆರೆಯ ಮೇಲೆ ಕಿರೀಟದ ತುದಿ, ಕೆಳಗೆ ಗೆಜ್ಜೆಕಾಲು, ಊದುವ ಮುಖವೀಣೆಯ ದನಿ ಏರಿದಂತೆ ಪರ್ವತಯ್ಯನ ಕುಣಿತವೂ ಏರುತ್ತಿತ್ತು. ಮುಂದಿನ ಸಾಲಿನಲ್ಲಿ ನಿನ್ನ ವಿಜ್ಞಾನಿಗಳು ಕಣ್ಣು ಮಿಟುಕಿಸದೆ ಕೂತಿದ್ದರು. ಹಿಂದಿನಿಂದ ನಮ್ಮೂರಿನವನೊಬ್ಬ ಕೂಗಿದ: ‘ಸಿದ್ದಗಂಗಣ್ಣಂಗೆ ಮಾತು ಮರ್ತೋಗೈತೆ ಕಣ್ರಲಾ!’ ಇನ್ನೊಬ್ಬ, ‘ವಯಸ್ಸಾತು, ಒಂದು ಕುರ್ಚಿ ಕೊಡ್ರಲಾ’ ಅಂದ. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು ಲೋಹಿತಾ. ಅಭ್ಯಾಸದಿಂದ ಬಾಯಿ ಜಾರಿತೆಂದು ನೀನು ತಿಳಿದಿರಬೇಕು. ಇಲ್ಲಮ್ಮ. ಇನ್ನೂ ಹೊತ್ತಿದೆಯೆಂದು ಚೆನ್ನಾಗಿ ಗೊತ್ತಿದ್ದೇ, ನನಗೆ ಮಾತು ಬರುತ್ತದೆಂದು ಆ ಬಡ್ಡೀಮಕ್ಕಳಿಗೆ ತೋರಿಸಲಿಕ್ಕೆ, ‘ಭಲಾ! ತೆರೆಯ ಮರೆಯಲ್ಲಿ ಕುಣಿಯುವಂಥ ತಾವು ಯಾರು?’ ಎಂದು ಗುಡುಗಿದೆ. ಸಾರಥಿ ಕೇಳಿದ ಮೇಲೆ ತೆರೆ ನಿಲ್ಲುತ್ತದೆಯೇ? ಹಿಡಿದವರು ಇಳಿಸಿಯೇಬಿಟ್ಟರು. ಕೇಳಿಸಿಕೊಂಡವನು ಹೆಸರು ಹೇಳದೆ ಇರುವಂತಿಲ್ಲ, ನಮ್ಮಲ್ಲಿ ಅದು ಕಟ್ಟಳೆ. ಪಾಪ, ಪರ್ವತಯ್ಯ ಒಂದು ಕಾಲೆತ್ತಿಕೊಂಡು ನಿಂತಿದ್ದ. ಗಾಬರಿಯಲ್ಲಿ ಅವನ ಬಾಯಿಗೆ ಬಂದದ್ದು ಜನ್ಮವಿಡೀ ಕಟ್ಟಿದ ವೇಷದ ಹೆಸರು: ‘ಪಾಂಡವರಲ್ಲಿ ಮಧ್ಯಮನಾದ ಅರ್ಜುನ ಭೂಪಾಲ!’ ಸೀರೆಯುಟ್ಟ ಅರ್ಜುನನನ್ನು ನೋಡಿ ಜನ ಬಿದ್ದು ಬಿದ್ದು ನಕ್ಕರು.

ನೀನು ಓಡಿ ಬಂದು ಮೈಕು ಹಿಡಿದೆ. ‘ನೋಡಿದ್ರಲ್ಲ, ಕೇಳಿದ್ದಕ್ಕೇ ಅದು ಏನೋ ಒಂದು ಆಗ್ಲೇಬೇಕಾಯ್ತು, ನಾವು ತೋರಿಸ್ಬೇಕು ಅಂದ್ಕೊಂಡಿದ್ದೂ ಇದನ್ನೇ’ ಅಂದೆ. ಜನ ಚಪ್ಪಾಳೆ ತಟ್ಟಿದರು. ನನಗೆ ಶಾಲು ಹೊದಿಸಿದರು, ನಾಚಿಕೆಯಿಲ್ಲದೆ ಹೊದ್ದುಕೊಂಡೆ. ಅಷ್ಟಕ್ಕಾದರೂ ಸುಮ್ಮನಿದ್ದೆನೇ? ಪೇಪರಿನವರು ಬಂದಾಗ, ‘ಯಾವಾಗ ಕೇಳ್ಬೇಕು ಅನ್ನೋದು ಸಾರಥಿಗೆ ಗೊತ್ತಿರ್ತದೆ. ಪರ್ವತಯ್ಯಂಗೇ ವಯಸ್ಸಾತು, ಮಾತು ಮರ್ತ’ ಅಂದೆ. ನೀನು ಪಕ್ಕದಲ್ಲೇ ಇದ್ದೆ. ಅವನೂ ಸೀರೆ ಬಿಚ್ಚುತ್ತಾ ಅಲ್ಲೇ ಇದ್ದ. ನೀನು ನನ್ನ ಕಾಲು ಮುಟ್ಟಿ ಕಾರು ಹತ್ತಿದೆ. ಬೈದು ಹೋಗಿದ್ದರೆ ಚೆನ್ನಾಗಿತ್ತು.

ಈಗ ಬಸ್ ಸ್ಟ್ಯಾಂಡಿನಲ್ಲಿ ಕಂಡವರೆಲ್ಲ ಪರ್ವತಯ್ಯನಿಗೆ ‘ಏನ್ ಅರ್ಜುನಪ್ಪಾ, ಸೀರೆ ಎಲ್ಲಿ?’ ಅನ್ನುತ್ತಾರೆ. ನಿನ್ನೆ ಅವನು ಬಂದು ಗೆಜ್ಜೆಯನ್ನು ನಮ್ಮ ಜಗಲಿಯ ಮೇಲಿಟ್ಟ. ‘ಆ ಮಗೀನ ಆಟ ಕೆಡಿಸ್ಬುಟ್ಟೆ ಕಣಣ್ಣ. ಪಾವಗಡದ ಆಟಕ್ಕೆ ಬ್ಯಾರೆಯವರ್ನ ನೋಡ್ಕೊ’ ಅಂದ. ನನ್ನ ಮೇಲೆ ಒಂದು ಮಾತಿಲ್ಲ! ತಾನೇ ಕೆಡಿಸಿದೆನೆಂದು ನಂಬಿಬಿಟ್ಟಿದ್ದಾನೆ. ನಾನು ನಿಜ ಹೇಳಲಿಲ್ಲ, ಕಾಫಿ ಕುಡಿಸಿ ಕಳಿಸಿದೆ. ಥೂ ನನ್ನ ಜನ್ಮಕ್ಕೆ. ಸಂಜೆ ಪ್ರಭುದೇವ್ ಫೋನು ಮಾಡಿದ್ದರು. ಬರುವ ತಿಂಗಳು ಪಾವಗಡದ ಆಟ ನೋಡಿಯೇ ನಿನ್ನ ಸಂಸ್ಥೆಯವರು ಈ ಕೆಲಸ ಮುಂದುವರಿಸುವುದೋ ಬಿಡುವುದೋ ತೀರ್ಮಾನಿಸುತ್ತಾರಂತೆ. ಪರ್ವತಯ್ಯ ಇಲ್ಲದೆ ಆ ಬೆಳಕನ್ನು ಕುಣಿಯುವವರು ನಮ್ಮ ಸೀಮೆಯಲ್ಲಿ ಯಾರಿದ್ದಾರೆ? ಅದು ನಿನಗೂ ಗೊತ್ತು.

ನಿನ್ನ ಕೆಲಸ ಕೈಗೂಡಲಿ, ಆರೋಗ್ಯ ನೆಟ್ಟಗಿರಲಿ. ಹರಸುವ ಯೋಗ್ಯತೆ ಈ ಬಾಯಿಗಿಲ್ಲ, ಆದರೆ ಇರುವುದು ಇದೊಂದೇ ಬಾಯಿ.

ನಿನ್ನ ಮಾವ,
ಸಿದ್ದಗಂಗಯ್ಯ

ತಾ.ಕ.: ಅಂಚೆಗೆ ಹಾಕಲು ಹೊರಟವನು ಪರ್ವತಯ್ಯನ ಮನೆಗೆ ಹೋಗಿ ಬಂದೆ. ಪಾವಗಡದ ಆಟ ನಿಲ್ಲಿಸಬೇಡ. ನನ್ನ ಸಾರಥಿಯ ರುಮಾಲು ಅವನಿಗೆ ಕೊಟ್ಟಿದ್ದೇನೆ. ಆಟಕ್ಕೆ ಮೊದಲು ವೇಷವಿಲ್ಲದೆ ತೆರೆಯ ಹಿಂದೆ ನಾನು ನಿಲ್ಲುತ್ತೇನೆ, ‘ತಾವು ಯಾರು?’ ಎಂದು ಅವನು ಒಂದು ಸಲ ಕೇಳಿದರೆ ಸಾಕು ಎಂದು ಒಪ್ಪಿಸಿದ್ದೇನೆ. ಯಾಕೆಂದು ಹೇಳಿಲ್ಲ. ಅವನ ಗೆಜ್ಜೆ ನನ್ನ ಚೀಲದಲ್ಲೇ ಇರುತ್ತದೆ, ನನ್ನ ಮಾತು ಕೇಳಿದ ಮೇಲೆ ಕಟ್ಟಿಕೊಂಡರೆ ಕಟ್ಟಿಕೊಳ್ಳಲಿ. ನಮ್ಮೂರಿನವರನ್ನೆಲ್ಲ ಬಸ್ಸು ಮಾಡಿ ಕರೆತರುತ್ತೇನೆ. ನೀನು ಮುಂದೆ ಕೂತಿರು, ಈ ಸಲ ಮೈಕು ಹಿಡಿಯಲು ಬರಬೇಡ. ಸಾರಥಿ ಕೇಳಿದ ಮೇಲೆ ತೆರೆ ಇಳಿಯುತ್ತದೆ, ನಾನು ನಿಜ ಹೇಳಲೇಬೇಕು.