ಫಿಲಿಸಳ ಕಿರುಬೆರಳು

ಬರ್ಚ್‌ಟೌನ್, ನೋವಾ ಸ್ಕೋಷಾ
9 ಜೂನ್ 1983

ನನ್ನ ಅಜ್ಜಿಗೆ,

ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಮೊದಲು ಹೇಳಿಬಿಡುತ್ತೇನೆ: ಹ್ಯಾರೊ ಭವನದ ಚಿತ್ರದಲ್ಲಿರುವ ಕೈ ಆ ಮನೆಯಲ್ಲಿ ಗುಲಾಮಳಾಗಿದ್ದ ನಮ್ಮ ಮುತ್ತಜ್ಜಿಯ ಮುತ್ತಜ್ಜಿ ಫಿಲಿಸಳದು ಎಂಬ ನಿನ್ನ ಮಾತನ್ನು ನಾನು ಯಾವತ್ತೂ ನಂಬಿರಲಿಲ್ಲ. ಈಗ ಹೇಳು, ಮಂಡಿನೋವು ಹೇಗಿದೆ? ಹ್ಯಾಲಿಫ್ಯಾಕ್ಸಿನಲ್ಲಿ ಅತ್ತೆ ನಿನಗೆ ಉಪ್ಪುಮೀನು ತಿನ್ನಲು ಬಿಡುತ್ತಾಳೆಯೇ?

ಯುದ್ಧದಲ್ಲಿ ಇಂಗ್ಲೆಂಡಿನ ರಾಜನ ಪಕ್ಷ ಹಿಡಿದವರು ಅಮೆರಿಕ ಬಿಟ್ಟು ಇಲ್ಲಿ ಬಂದಿಳಿದು ಇನ್ನೂರು ವರ್ಷವಾಯಿತೆಂದು ಎಲ್ಲೆಡೆ ಸುಣ್ಣಬಣ್ಣ ನಡೆದಿದೆ. ಕ್ಯಾಪ್ಟನ್ ಹ್ಯಾರೊನ ಚಿತ್ರವೂ ಸರಿಮಾಡಲೆಂದು ಲಾರ್ನ್ ಯಜಮಾನರ ಚೌಕಟ್ಟಿನ ಅಂಗಡಿಗೆ ಬಂತು. (ಹೌದು, ಶಾಲೆ ಬಿಟ್ಟ ಮೇಲೆ ನಾನು ಬಿಟ್ಟೋಡದ ಕೆಲಸ ಇದೊಂದೇ.) ಕೆಂಪು ಕೋಟಿನ ಕ್ಯಾಪ್ಟನ್ ಎದೆಯುಬ್ಬಿಸಿ ಕೂತಿದ್ದಾನೆ. ಅವನ ಕುರ್ಚಿಯ ಬೆನ್ನ ಮೇಲೆ ಒಂದು ಕಪ್ಪು ಕೈ ಮಾತ್ರ, ಚೌಕಟ್ಟಿನ ಅಂಚಿಗೆ ಒತ್ತಿದ ಕಿರುಬೆರಳು ಡೊಂಕು. 'ನೋಡೇ, ನಂದೂ ಹಂಗೇ, ನಿಂದೂ ಹಂಗೇ' ಎಂದು ನೀನು ನನ್ನ ಬೆರಳು ಹಿಡಿದು ತೋರಿಸುತ್ತಿದ್ದೆ. ಮೊನ್ನೆ ಚೌಕಟ್ಟು ಕಳಚಿದರೆ ಚಿತ್ರ ಅಲ್ಲಿಗೆ ಮುಗಿದಿರಲಿಲ್ಲ. ಚಿತ್ರ ಬರೆದ ಬಟ್ಟೆಯನ್ನು ಹಿಂದಕ್ಕೆ ಮಡಚಿ ಮೊಳೆ ಹೊಡೆದಿದ್ದರು. ಬಿಡಿಸಿದೆವು. ಒಬ್ಬ ಹೆಂಗಸು ನಿಂತಿದ್ದಳು. ಅವಳ ಕೆನ್ನೆಯಲ್ಲಿ ಮೊಳೆಯ ತೂತುಗಳಿದ್ದವು.

ಭವನದ ಅಧ್ಯಕ್ಷೆ ಮಿಸೆಸ್ ಪರ್ಡಿ ಬಂದು ತುಂಬ ಹೊತ್ತು ನೋಡಿದರು. 'ಹಳೇ ಚೌಕಟ್ಟಿಗೆ ಇದು ಹಿಡಿಯಲ್ಲ. ಮೊದಲಿದ್ದ ಹಾಗೇ ಮಡಚಿಬಿಡಿ' ಎಂದರು. ಯಜಮಾನರು ಸುತ್ತಿಗೆಯನ್ನು ನನ್ನ ಕಡೆ ಚಾಚಿದರು. ನಾನು ಮುಟ್ಟಲಿಲ್ಲ. ಆಗ ಮಿಸೆಸ್ ಪರ್ಡಿ ದನಿ ತಗ್ಗಿಸಿ, 'ನಿಮ್ಮಜ್ಜಿ ಹೇಳೋ ಕಥೆ ನಂಗೂ ಗೊತ್ತಮ್ಮ. ಇವಳು ನಮ್ಮನೆಯವಳೇ ಅಂತ ನೀನೊಂದು ಮಾತು ಹೇಳು, ಅಗಲದ ಚೌಕಟ್ಟು ಮಾಡಿಸೋಣ. ಭವನದ ಸಂಘದವರಿಗೆ ನಾನೂ ಏನಾದ್ರೂ ಹೇಳ್ಬೇಕಲ್ಲ' ಎಂದರು. ಹೂಂ ಎಂದಿದ್ದರೆ ಸಾಕಿತ್ತು, ಅಜ್ಜಿ. 'ಗೊತ್ತಿಲ್ಲ' ಎಂದೆ. 'ಯಾರ ಮನೆಯವಳಾದ್ರೂ ಈ ಮುಖಕ್ಕೆ ನಾನು ಮೊಳೆ ಹೊಡೆಯಲ್ಲ.' ಯಜಮಾನರು 'ಇವಳ ಬಾಯಿಗೆ ಹೊಡೀಬೇಕು ಮೊಳೆ' ಎಂದು ಗೊಣಗಿದರು; ಆದರೆ ಸುತ್ತಿಗೆಯನ್ನು ಮೇಜಿನ ಖಾನೆಗೆ ಹಾಕಿ ಮುಚ್ಚಿದರು. ಮಿಸೆಸ್ ಪರ್ಡಿ ಕೈಚೀಲದ ಬಾಯಿ ತೆಗೆದರು, ಮುಚ್ಚಿದರು. ಕೊನೆಗೆ, 'ಅಗಲದ್ದು ಎಷ್ಟು ದಿನಕ್ಕಾಗುತ್ತೆ?' ಎಂದು ಕೇಳಿದರು.

ಅತ್ತೆಗೂ ಅವಳ ಮಕ್ಕಳಿಗೂ ನನ್ನ ನೆನಪು ಹೇಳು. ಮೆಟ್ಟಿಲ ಮೇಲೆ ಜೋಪಾನ.

ನಿನ್ನ
ಜೊಲೀನ್

ತಾ.ಕ.: ಬರೆಯಬೇಕಾದದ್ದೇ ಉಳಿದುಬಿಟ್ಟಿತು. ಬಟ್ಟೆ ಬಿಡಿಸಿದ ಮೇಲೆ ನೋಡಿದರೆ ಅವಳ ಕಿರುಬೆರಳು ನೆಟ್ಟಗಿದೆ. ಮಡಚಿದ ಜಾಗದಲ್ಲಿ ಡೊಂಕಾಗಿ ಕಾಣುತ್ತಿತ್ತು, ಅಷ್ಟೇ. ಇದನ್ನು ನೀನು ಬೇರೆಯವರ ಬಾಯಿಂದ ಕೇಳಬಾರದು; ನಿನ್ನ ಮುಖ ನೋಡುತ್ತಾ ನಾನೂ ಹೇಳಲಾರೆ. ಅದಕ್ಕೇ ಈ ಪತ್ರವನ್ನು ಇವತ್ತು ಹ್ಯಾಲಿಫ್ಯಾಕ್ಸಿಗೆ ಹೋಗುವ ಮೀನಿನ ಲಾರಿಯಲ್ಲಿ ಕಳಿಸುತ್ತಿದ್ದೇನೆ. ಅವಳು ನಮ್ಮವಳೋ ಅಲ್ಲವೋ, ನೀನು ಬಂದು ಒಮ್ಮೆ ಅವಳ ಎದುರು ನಿಲ್ಲಬೇಕು. ನಿನ್ನನ್ನು ಕರೆತರಲು ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.