ನಿನ್ನ ತಲೆಯ ಮೇಲೊಂದು ಪ್ರಮಾಣ

22 ಫೆಬ್ರವರಿ, ಭಾನುವಾರ

ಪ್ರೀತಿಯ ವಿನು,

ಅಮ್ಮನ ಆಶೀರ್ವಾದಗಳು. ಬೇಡವೆಂದರೂ ಬರುತ್ತವೆ, ಅದನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಯಾರೂ ಕಂಡುಹಿಡಿದಿಲ್ಲ.

ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದ ಮೇಲೆ ಅಳಿಯಂದಿರಿಗೆ ಫೋನು ಮಾಡಿದೆ. ಅವಳ ಕೋಪ ಸ್ವಲ್ಪ ಇಳಿಯಲಿ ಅತ್ತೆ ಎಂದು ಹೇಳಿ ಅವರೂ ಇಟ್ಟುಬಿಟ್ಟರು. ಹಾಗಾಗಿ ಈ ಪತ್ರವನ್ನು ನಿಮ್ಮ ಕಾರ್ಕಳದ ಬಸ್ಸಿನ ಕಂಡಕ್ಟರ್ ಡೊಮಿನಿಕ್ ಅವರ ಕೈಯಲ್ಲಿ ಕೊಡುತ್ತಿದ್ದೇನೆ. ಪಪ್ಪನನ್ನು ಜೈಲಿಗೆ ಹಾಕಿಸಿ ಅವರದೇ ಕುರ್ಚಿಗೆ ವೋಟು ಕೇಳಲು ನಾಚಿಕೆ ಆಗುವುದಿಲ್ಲವಾ ಎಂದು ಕೇಳಿದೆಯಲ್ಲ, ಅದಕ್ಕೆ ಇದು ಉತ್ತರ. ಹರಿಯುವುದಾದರೆ ಓದಿದ ಮೇಲೆ ಹರಿ.

ಆ ಕುರ್ಚಿಯಿಂದಲೇ ಶುರು ಮಾಡುತ್ತೇನೆ. ಪಪ್ಪ ಎರಡು ಸಲ ಪರ್ಕಳ ಕಡೆಯ ನಮ್ಮ ವಾರ್ಡಿನಿಂದ ನಗರಸಭೆಗೆ ಗೆದ್ದವರು. ಮೂರನೇ ಸಲ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಮನೆಯಲ್ಲಿ ಒಬ್ಬಳು ಮಹಿಳೆ ಇದ್ದಾಳೆ ಎಂಬುದು ಅವರಿಗೆ ನೆನಪಾದದ್ದು ಆಗಲೇ. ಫ್ಲೆಕ್ಸಿನ ತುಂಬ ಅವರ ಮುಖ, ಮೂಲೆಯಲ್ಲಿ ಅಂಚೆಚೀಟಿಯಷ್ಟು ನಾನು. ಗೆದ್ದವಳು ನಾನು, ಹಾರ ಬಿದ್ದದ್ದು ಅವರ ಕೊರಳಿಗೆ. ಊರವರಿಗೆ ನಾನು ಭುಜಂಗಣ್ಣನ ಮಿಸೆಸ್ಸೇ ಹೊರತು ಸದಸ್ಯೆ ನಳಿನಾಕ್ಷಿ ಆಗಲಿಲ್ಲ. ಅವರು ತೋರಿಸಿದ ಜಾಗದಲ್ಲಿ ಸಹಿ ಹಾಕಿಕೊಂಡು ಇದ್ದೆ. ಇಷ್ಟು ನಿನಗೂ ಗೊತ್ತುಂಟು.

ಗುಡ್ಡದ ಬದಿಯ ಶೆಡ್ಡುಗಳ ವಿಷಯ ನಿನಗೆ ಪೂರ್ತಿ ಗೊತ್ತಿಲ್ಲ. ಗದಗ, ಬಾಗಲಕೋಟೆ ಕಡೆಯಿಂದ ಬಂದ ಕೂಲಿಯವರು ಅಲ್ಲಿದ್ದರು. ಮಣಿಪಾಲದ ಫ್ಲಾಟುಗಳನ್ನು ಕಟ್ಟಿದವರು ಅವರೇ, ಅವರಿಗೆ ಮಾತ್ರ ಒಂದು ನಳ್ಳಿ ನೀರಿಲ್ಲ. ಆ ಜಾಗವನ್ನು ಖಾಲಿ ಮಾಡಿಸಿಕೊಡುತ್ತೇನೆಂದು ಪಪ್ಪ ಒಬ್ಬ ಲೇಔಟಿನವನಿಗೆ ಮಾತು ಕೊಟ್ಟಿದ್ದರು. ನನಗೆ ಅದು ಗೊತ್ತಿರಲಿಲ್ಲ. ಒಂದು ದಿನ ನಗರಸಭೆಯ ಮೀಟಿಂಗಿನಲ್ಲಿ ಎದ್ದು ನಿಂತು, ಶೆಡ್ಡಿನವರಿಗೆ ನೀರು ಕೊಡಿ ಎಂದುಬಿಟ್ಟೆ. ಅಲ್ಲಿ ನಾನು ನನ್ನ ಬಾಯಿಂದ ಆಡಿದ ಮೊದಲ ಮಾತು ಅದು. ಮನೆಗೆ ಬಂದಾಗ ಪಪ್ಪ ಮಿಕ್ಸಿಯ ಜಾರು ಎಸೆದರು. ಕಿವಿಯ ಪಕ್ಕದಲ್ಲೇ ಹಾದು ಗೋಡೆಗೆ ಬಡಿಯಿತು. ಚಟ್ನಿ ಒರೆಸಲು ನನಗೆ ಒಂದು ಗಂಟೆ ಹಿಡಿಯಿತು.

ನೀರು ಬಂತು. ನೀರಿನ ಹಿಂದೆಯೇ ಅಲ್ಲಿಯದೇ ಸೆಂಟ್ರಿಂಗ್ ಕೆಲಸದ ಹುಡುಗ ಭೀಮೇಶ ಓಡಾಡಿ ಶೆಡ್ಡಿನವರ ಹೆಸರುಗಳನ್ನೆಲ್ಲ ಮತದಾರರ ಪಟ್ಟಿಗೆ ಸೇರಿಸಿದ. ಈ ಸಲ ಮೀಸಲಾತಿ ಹೋಗಿ ವಾರ್ಡು ಮತ್ತೆ ಸಾಮಾನ್ಯವಾಯಿತು, ಪಪ್ಪನಿಗೆ ಪಾರ್ಟಿಯ ಟಿಕೆಟು ಸಿಕ್ಕಿತು. ಶೆಡ್ಡಿನ ಒಂದು ವೋಟೂ ತನಗೆ ಬೀಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಒಂದು ಬೆಳಿಗ್ಗೆ ಜೆಸಿಬಿ ಬಂತು. ಮುಂದೆ ನಿಂತು ದಾರಿ ತೋರಿಸಿದವನು ನಮ್ಮ ಕಾರು ಓಡಿಸುವ ಕಿಟ್ಟ, ಚಿಕ್ಕವಳಿದ್ದಾಗ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ ಅದೇ ಕಿಟ್ಟಣ್ಣ. ಭೀಮೇಶನ ತಾಯಿ ಯಮನವ್ವ ರೊಟ್ಟಿ ಬೇಯಿಸುತ್ತಿದ್ದಳು. ಒಲೆ, ಹಂಚು, ರೊಟ್ಟಿ ಎಲ್ಲವನ್ನೂ ಜೆಸಿಬಿ ಒಟ್ಟಿಗೆ ಬಾಚಿತು. ಅಡ್ಡ ನಿಂತ ಭೀಮೇಶನಿಗೆ ಅವನದೇ ಸೆಂಟ್ರಿಂಗ್ ಹಲಗೆಯಿಂದ ಬಾರಿಸಿದರು. ನಾನು ಓಡಿ ಹೋಗುವಷ್ಟರಲ್ಲಿ ಅವನ ಬಾಯಿ ತುಂಬ ರಕ್ತ, ಎರಡು ಹಲ್ಲು ಅಂಗೈಯಲ್ಲಿ.

ಅವನನ್ನು ರಿಕ್ಷಾದಲ್ಲಿ ಕೂರಿಸಿ ಆದಿ ಉಡುಪಿಯ ಎಪಿಎಂಸಿ ಯಾರ್ಡಿಗೆ ಕರೆದೊಯ್ದೆ. ಅವರ ಊರಿನ ಬಸಯ್ಯ ಅಲ್ಲಿ ಮೂಟೆ ಹೊರುತ್ತಾನೆ. ಚುನಾವಣೆ ಮುಗಿಯುವವರೆಗೆ ಇಲ್ಲೇ ಇರು, ಶೆಡ್ಡಿನ ಕಡೆ ಕಾಲು ಹಾಕಬೇಡ ಎಂದೆ. ಆಯ್ತ್ರೀ ಅಕ್ಕಾರ ಎಂದ, ಊದಿದ ತುಟಿಯಲ್ಲೇ ನಕ್ಕ.

ಬುಧವಾರದ ಸಂತೆಯ ದಿನ, ಹಾಡಹಗಲು, ಹೆಲ್ಮೆಟ್ ಹಾಕಿದ ಮೂವರು ಬೈಕುಗಳಲ್ಲಿ ಬಂದರು. ಈರುಳ್ಳಿ ಚೀಲ ಇಳಿಸುತ್ತಿದ್ದ ಭೀಮೇಶನ ಮೊಣಕಾಲಿಗೆ ಮೊದಲು ರಾಡಿನಿಂದ ಹೊಡೆದರು. ಬಿದ್ದ ಮೇಲೆ ಬೆನ್ನಿಗೆ, ತಲೆಗೆ. ಬಸಯ್ಯ ನೋಡಿದ್ದನ್ನು ನಾನು ಬರೆಯುತ್ತಿದ್ದೇನೆ. ಹೆಲ್ಮೆಟಿನವರಲ್ಲಿ ದಪ್ಪಗಿನವನು ಅಷ್ಟು ಹೊತ್ತು ಸುಮ್ಮನೆ ನಿಂತಿದ್ದನಂತೆ. ಭೀಮೇಶ ಅಲುಗಾಡುವುದು ನಿಂತ ಮೇಲೆ ಅವನು ರಾಡನ್ನು ಕಿತ್ತುಕೊಂಡು, ಬಟ್ಟೆ ಒಗೆಯುವ ಹಾಗೆ, ಕೈ ಸೋಲುವವರೆಗೆ ಹೊಡೆದನಂತೆ. ಜನ ತಮ್ಮ ತಮ್ಮ ಚೀಲಗಳನ್ನು ರಕ್ತ ತಾಗದ ಹಾಗೆ ಎಳೆದುಕೊಂಡರು. ಭೀಮೇಶ ಮಣಿಪಾಲದ ಆಸ್ಪತ್ರೆಯಲ್ಲಿ ಸಂಜೆಯವರೆಗೆ ಇದ್ದ. ಮುಖ ನೋಡಿ ಗುರುತು ಹೇಳಿ ಎಂದು ಯಮನವ್ವನನ್ನು ಒಳಗೆ ಕಳಿಸಿದರು. ಹೊರಗೆ ಬಂದವಳು ನನ್ನ ಸೆರಗು ಹಿಡಿದು, ಅಕ್ಕಾರ, ಅಲ್ಲಿ ಮುಖಾನ ಇಲ್ಲರೀ ಎಂದಳು.

ಅದೇ ದಿನ ಮಧ್ಯಾಹ್ನ ಪಪ್ಪ ಮನೆಯ ಬಾವಿಕಟ್ಟೆಯಲ್ಲಿ ಕೂತು ಅಂಗಿ ತಿಕ್ಕುತ್ತಿದ್ದರು. ಕುಡಿದ ಲೋಟವನ್ನು ಸಹ ಎತ್ತಿ ಇಡದ ಮನುಷ್ಯ! ನೀರು ಕೆಂಪಗೆ ಹರಿಯುತ್ತಿತ್ತು. ಕೋಳಿ ಕೊಯ್ದದ್ದು ಮಾರಾಯ್ತಿ ಎಂದರು. ಅವರು ಸ್ನಾನಕ್ಕೆ ಹೋದಾಗ ಆ ಒದ್ದೆ ಅಂಗಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಅಕ್ಕಿ ಡ್ರಮ್ಮಿನ ತಳದಲ್ಲಿ ಹೂತಿಟ್ಟೆ. ಬಾಯಿ ಬಿಡಲು ಮಾತ್ರ ಧೈರ್ಯ ಇರಲಿಲ್ಲ. ಅಂಗಿ ಎಲ್ಲಿ ಎಂದು ಕೇಳಿದಾಗ ಸುಟ್ಟುಬಿಟ್ಟೆ ಎಂದೆ. ಅವರು ನನ್ನ ಬೆನ್ನು ತಟ್ಟಿದರು, ವಿನು. ಮದುವೆಯಾದ ಮೇಲೆ ಮೊದಲ ಸಲ.

ಹೆಲ್ಮೆಟಿನೊಳಗಿನ ಮುಖ ಯಾರೂ ಕಂಡಿರಲಿಲ್ಲ, ಆದರೂ ಊರಿಡೀ ಗುಸುಗುಸು. ಅದನ್ನು ಮುಗಿಸಲು ಪಪ್ಪ ನಮ್ಮಲ್ಲಿ ಎಲ್ಲ ರಾಜಕಾರಣಿಗಳೂ ಹಿಡಿಯುವ ದಾರಿ ಹಿಡಿದರು. ದೈವದ ಗುಡಿಯ ಎದುರು ತೆಂಗಿನಕಾಯಿ ಮುಟ್ಟಿ ಪ್ರಮಾಣ ಮಾಡುತ್ತೇನೆ, ಬರುವವರು ಬನ್ನಿ ಎಂದು ಘೋಷಿಸಿದರು. ಮೈಕು, ಶಾಮಿಯಾನ, ಚಾನೆಲ್ಲಿನವರು ಎಲ್ಲ ತಯಾರು. ಪ್ರಮಾಣಕ್ಕೆ ಮನೆಯವಳೂ ಪಕ್ಕದಲ್ಲಿ ನಿಂತು ಕಾಯಿಯ ಮೇಲೆ ಕೈ ಇಟ್ಟರೆ ಮತ್ತೆ ಯಾರೂ ಉಸಿರೆತ್ತುವುದಿಲ್ಲ ಎಂಬುದು ಅವರ ಲೆಕ್ಕ.

ಹೊರಡುವಾಗ ನಾನು ಕೇಳಿದೆ. ದೈವದ ಎದುರಿನ ಸುಳ್ಳು ಸಂತಾನಕ್ಕೆ ತಾಗುತ್ತದೆ, ನಮಗೆ ಇರುವುದು ಒಬ್ಬಳೇ, ಅವಳು ಈಗ ಐದು ತಿಂಗಳ ಬಸುರಿ ಎಂದೆ. ಪಪ್ಪ ಕನ್ನಡಿಯ ಎದುರು ಮೀಸೆ ತಿದ್ದುತ್ತಿದ್ದರು. ತಿರುಗಿ ಸಹ ನೋಡದೆ, ಅವಳು ಕೊಟ್ಟ ಹುಡುಗಿ ಅಲ್ವಾ, ಬೇರೆ ಮನೆಯವಳು, ಅವಳಿಗೆ ಎಂತ ತಾಗುವುದಿಲ್ಲ ಎಂದರು.

ನನಗೆ ಮೈ ಉರಿದು ಹೋಯಿತು. ನೀನು ದೈವವನ್ನು ನಂಬುತ್ತೀಯೋ ಇಲ್ಲವೋ ಗೊತ್ತಿಲ್ಲ. ನಾನು ನಂಬುತ್ತೇನೆ, ಪಪ್ಪನೂ ನಂಬುತ್ತಾರೆ. ನಂಬಿಯೂ ನಿನ್ನ ತಲೆಯ ಮೇಲೆ ಅದನ್ನು ಹೊರಿಸಲು ಹೊರಟರು. ಅವರು ಲೆಕ್ಕ ತಪ್ಪಿದ್ದು ಅಲ್ಲೇ. ಗಂಡನಿಗೆ ಹೆದರುವವಳು ದೈವದ ಎದುರಿಗೂ ಗಂಡನಿಗೇ ಹೆದರುತ್ತಾಳೆ ಎಂದುಕೊಂಡರು.

ಗುಡಿಯ ಎದುರು ಅವರು ಕಾಯಿ ಹಿಡಿದು, ಭೀಮೇಶನ ಮೈ ನಾನು ಮುಟ್ಟಲಿಲ್ಲ ಎಂದು ಮೈಕಿನಲ್ಲಿ ಸ್ಪಷ್ಟವಾಗಿ ಹೇಳಿದರು. ಅರ್ಚಕರು ನನ್ನ ಕಡೆ ತಿರುಗಿದರು. ನಾನು ಕೈ ಇಡಲಿಲ್ಲ. ಇವರೇ ಕೊಂದದ್ದು, ಅಂಗಿ ನಮ್ಮ ಅಕ್ಕಿ ಡ್ರಮ್ಮಿನಲ್ಲಿ ಉಂಟು ಎಂದೆ. ನಿನ್ನ ಫೋನಿಗೆ ಬಂದ ವಿಡಿಯೋ ಇಲ್ಲಿಗೆ ಮುಗಿಯುತ್ತದೆ. ಮುಂದಿನದ್ದನ್ನು ಯಾರೋ ಕತ್ತರಿಸಿದ್ದಾರೆ. ಪಪ್ಪ ಅದೇ ಕಾಯಿಯನ್ನು ನನ್ನ ತಲೆಗೆ ಅಪ್ಪಳಿಸಿದರು. ಕಾಯಿ ಒಡೆಯಿತು. ಕಣ್ಣಿಗೆ ಇಳಿದದ್ದು ಕಾಯಿನೀರೋ ರಕ್ತವೋ ತಿಳಿಯಲಿಲ್ಲ. ಬಿದ್ದವಳ ಹೊಟ್ಟೆಗೆ ಒದೆಯುತ್ತಿದ್ದಾಗ ಬಂದೋಬಸ್ತಿನ ಪೊಲೀಸರು ಅವರನ್ನು ಎಳೆದುಕೊಂಡು ಹೋದರು.

ಈಗ ಪಕ್ಷೇತರಳಾಗಿ ನಿಂತಿದ್ದೇನೆ. ನನ್ನ ನಾಮಪತ್ರಕ್ಕೆ ಸೂಚಕಿಯಾಗಿ ಹೆಬ್ಬೆಟ್ಟು ಒತ್ತಿದವಳು ಯಮನವ್ವ. ತಲೆಗೆ ಪಟ್ಟಿ ಕಟ್ಟಿಕೊಂಡೇ ಮನೆ ಮನೆಗೆ ಹೋಗುತ್ತೇನೆ. ಕೆಲವರು ಮುಖದ ಮೇಲೇ ಬಾಗಿಲು ಹಾಕುತ್ತಾರೆ, ಗಂಡನನ್ನು ತಿಂದವಳು ಎನ್ನುತ್ತಾರೆ. ಪಾರ್ಟಿಯವರು ಬೇರೆಯವರನ್ನು ನಿಲ್ಲಿಸಿದ್ದಾರೆ, ಅವರ ಪ್ರಚಾರದ ಜೀಪು ಓಡಿಸುವವನು ಕಿಟ್ಟ. ನನ್ನನ್ನು ಕಂಡಾಗಲೆಲ್ಲ ಹಾರ್ನು ಹೊಡೆದು ಮೈಮೇಲೆ ಬರುವ ಹಾಗೆ ತಿರುಗಿಸುತ್ತಾನೆ. ಹೌದು, ನನಗೆ ಆ ಕುರ್ಚಿ ಬೇಕು. ಈ ಸಲ ಅದರಲ್ಲಿ ನಾನೇ ಕೂರಬೇಕು. ನಾಚಿಕೆ ಇಲ್ಲ, ಹೆದರಿಕೆ ಮಾತ್ರ ಬೇಕಾದಷ್ಟು ಉಂಟು.

ನಿನ್ನ ಸೀಮಂತಕ್ಕೆ ಕರೆಯುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಕರೆದರೆ ಸೋತರೂ ಗೆದ್ದರೂ ಬರುತ್ತೇನೆ. ಹೊತ್ತು ಹೊತ್ತಿಗೆ ಊಟ ಮಾಡು. ನಿನ್ನ ಧ್ವನಿ ಕೇಳದೆ ನನಗೆ ಆಗುವುದಿಲ್ಲ, ವಿನು.

ನಿನ್ನ ಅಮ್ಮ,
ನಳಿನಾಕ್ಷಿ

ಮರೆತ ಮಾತು: ಭೀಮೇಶ ಯಾರ್ಡಿನಲ್ಲಿ ಇದ್ದದ್ದು ಬಸಯ್ಯನನ್ನು ಬಿಟ್ಟರೆ ನನಗೆ ಮತ್ತು ಫೋನಿನಲ್ಲಿ ನನ್ನಿಂದ ಕೇಳಿದ ನಿನಗೆ ಮಾತ್ರ ಗೊತ್ತಿತ್ತು. ರಾಜಿ ಮಾಡಿಸಲಿಕ್ಕೆಂದು ನೀನು ಪಪ್ಪನಿಗೆ ಹೇಳಿದ್ದು ನನಗೆ ತಿಳಿದಿದೆ, ಅಂಗಿ ಸುಟ್ಟೆ ಎಂದಾಗ ಬೆನ್ನು ತಟ್ಟುತ್ತಾ ಅವರೇ ಹೇಳಿದರು. ನೀನು ಒಳ್ಳೆಯದನ್ನೇ ಬಯಸಿದ್ದೆ. ಪೊಲೀಸರಿಗೂ ಯಮನವ್ವನಿಗೂ ನಾನು ಇದನ್ನು ಹೇಳಿಲ್ಲ, ಹೇಳುವುದೂ ಇಲ್ಲ. ನಾನು ಮನೆ ಬಿಟ್ಟಿದ್ದೇನೆ. ಎಲ್ಲಿ ಮಲಗುತ್ತೇನೆ ಎಂದು ಮಾತ್ರ ನನ್ನನ್ನು ಕೇಳಬೇಡ ಮಗಾ, ನಿನಗೆ ಹೇಳಲು ನನಗೆ ಹೆದರಿಕೆ.