ಎಡದಿಂದ ಬಲಕ್ಕೆ, ಐದನೆಯವರು

ಮರಡಿಪೇಟೆ
೨೧೯೪ನೆಯ ಇಸವಿ, ಹದಿಮೂರನೆಯ ತಿಂಗಳು, ಇಪ್ಪತ್ತನೆಯ ದಿನ

ಮರಡಿಪೇಟೆ ಇತಿಹಾಸ ಕೂಟದ ಹಿಂದಿನ ಸದಸ್ಯರಿಗೆ,

ತಿಂಗಳು ಓದಿ ಗಾಬರಿಯಾಗಬೇಡಿ. ನಾವು ವರ್ಷವನ್ನು ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳಾಗಿ ಹಂಚಿಕೊಂಡು ಬಹಳ ಕಾಲವಾಯಿತು. ಮಿಕ್ಕ ದಿನ ಊರಿಗೆಲ್ಲ ರಜೆ. ನನ್ನ ಕನ್ನಡ ನಿಮಗೆ ಸಭೆಯ ವರದಿಯಂತೆ ಕೇಳಿಸಿದರೆ ಅದಕ್ಕೂ ಕ್ಷಮೆಯಿರಲಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದೇ ನಿಮ್ಮ ಕೂಟದ ನಡಾವಳಿ ಪುಸ್ತಕಗಳಿಂದ. ಸಾಲದ್ದಕ್ಕೆ ಎಡ ಹೆಗಲ ಮೇಲೆ ಇಪ್ಪತ್ತಮೂರು ದಿನದ ಮಗಳಿದ್ದಾಳೆ. ಅವಳು ಹುಟ್ಟಿದಾಗಿನಿಂದ ನಾನು ಒಂದೇ ಸಮನೆ ಎರಡು ಗಂಟೆ ಮಲಗಿಲ್ಲ. ಎಲ್ಲಾದರೂ ಮಾತು ತುಂಡಾದರೆ ಕೂಸು ಎದ್ದಿತು ಎಂದುಕೊಳ್ಳಿ.

ಈ ಕಾಗದ ನಿಮಗೆ ತಲುಪುವುದು ಹೇಗೆ ಅಂತ ಕೇಳಬೇಡಿ. ಕೂಟದ ತೇಗದ ಬೀರು ಇಂದಿಗೂ ಇದೆ, ಅದರ ಕೆಳಗಿನ ಖಾನೆ ಇಂದಿಗೂ ಸರಿಯಾಗಿ ಮುಚ್ಚುವುದಿಲ್ಲ. ಅಲ್ಲಿಟ್ಟದ್ದು ಯಾವ ಕಾಲದವರ ಕೈಗೆ ಸಿಗುತ್ತದೋ ಹೇಳಲಾಗದು ಎನ್ನುತ್ತಾರೆ ನಮ್ಮ ಅಧ್ಯಕ್ಷೆ, ತೊಂಬತ್ತೊಂದರ ಹುಲಿಗೆಮ್ಮಜ್ಜಿ. ನಾನು ಅವರ ಮಾತು ನಂಬಿದ್ದೇನೆ.

ಊರು ಚೆನ್ನಾಗಿದೆ. ನಿಮ್ಮ ಬಸ್ ನಿಲ್ದಾಣದಲ್ಲಿ ಈಗ ನೆರಳುಬಂಡಿಗಳು ನಿಲ್ಲುತ್ತವೆ. ಅಂದರೆ ಸದ್ದಿಲ್ಲದೆ ಓಡುವ ಬಂಡಿ, ಅದರ ಮೇಲೆ ಬಳ್ಳಿ ಹಬ್ಬಿಸಿದ ಚಪ್ಪರ. ಹೀರೆಕಾಯಿ ತಲೆಗೆ ತಗಲುತ್ತದೆ, ಇಳಿಯುವಾಗ ಒಂದೆರಡು ಕಿತ್ತುಕೊಂಡರೆ ಯಾರೂ ಬೇಡ ಅನ್ನುವುದಿಲ್ಲ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾತ್ರ ಹಾಗೇ ಇವೆ. ಕೂಟಕ್ಕೆ ಊರಿನ ಮುಕ್ಕಾಲು ಜನ ಸೇರಿದ್ದಾರೆ. ಪ್ರತಿಯೊಬ್ಬರಿಗೂ ಊರಿನ ಒಂದೊಂದು ವರ್ಷದ ದಾಖಲೆಗಳನ್ನು ನೋಡಿಕೊಳ್ಳಲು ಕೊಡುತ್ತಾರೆ, ನನ್ನ ಪಾಲಿಗೆ ನಿಮ್ಮ ೨೦೨೭ ಬಂದಿದೆ. ಇನ್ನೊಂದು ಪದ್ಧತಿ ಊರ್ಹೆಸರಿನದು. ಮನೆಯವರು ಇಟ್ಟ ಹೆಸರಲ್ಲದೆ, ಹಿಂದೆ ಈ ಊರಲ್ಲಿ ಬಾಳಿದ ಒಬ್ಬರ ಹೆಸರನ್ನೂ ಕೂಸಿಗೆ ಇಟ್ಟು, ಅವರು ಊರಿಗೆ ಏನು ಮಾಡಿದರೆಂದು ತೊಟ್ಟಿಲ ಮುಂದೆ ಹೇಳಬೇಕು. ಹೆಣ್ಣು ಗಂಡೆಂಬ ಭೇದವಿಲ್ಲ. ನನ್ನ ಊರ್ಹೆಸರು ಶೇಖವ್ವ, ಸಂತೆಯಲ್ಲಿ ನಲವತ್ತು ವರ್ಷ ತೂಕ ತಪ್ಪದೆ ಬೆಲ್ಲ ಮಾರಿದವಳು. ನನ್ನ ಗಂಡ ಪಂಪಾಪತಿಯದು ಟೇಲರ್ ಮೆಹಬೂಬ್. ಇವರಿಗೆ ಗುಂಡಿ ಹೊಲಿಯಲೂ ಬರದು.

ಮಗಳ ನಾಮಕರಣಕ್ಕೆ ಇನ್ನು ಐದೇ ದಿನ. ಯಾರ ಹೆಸರು ಎಂದು ನಾನು ಎಂದೋ ನಿಶ್ಚಯಿಸಿದ್ದೇನೆ, ಆ ಹೆಸರೇ ನನಗೆ ಗೊತ್ತಿಲ್ಲ.

ನಿಮ್ಮ ಬೀರುವಿನಲ್ಲಿ ಕೆಂಪು ರಟ್ಟಿನ ಒಂದು ನೋಟ್‌ಪುಸ್ತಕವಿದೆ. ನೀವು ಇದನ್ನು ಓದುವ ಹೊತ್ತಿಗೆ ಅದು ಅರ್ಧವಷ್ಟೇ ತುಂಬಿರಬಹುದು. ಅದರಲ್ಲಿ ಊರಿನ ಅರವತ್ತನಾಲ್ಕು ಬಾವಿಗಳ ವಿವರವಿದೆ, ಯಾರ ಹಿತ್ತಲು, ಎಷ್ಟು ಆಳ, ನೀರು ಸಿಹಿಯೋ ಸವಳೋ, ಮೇಲೆ ಚಪ್ಪಡಿ ಮುಚ್ಚಿದವರು ಯಾರು. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಸಣ್ಣ ಮಾತುಗಳು: ‘ಕೂಸು ಮಲಗಿತು, ಎರಡು ಬಾವಿ ಮುಗೀತು.’ ‘ಕೂಸು ಎದ್ದಿತು, ಮೂರನೇದು ನಾಳೆ.’ ಒಂದು ಪುಟದಲ್ಲಿ ರಾಗಿಸರಿಯ ಪುಟ್ಟ ಬೆರಳಚ್ಚು. ನಮ್ಮ ಮುತ್ತಜ್ಜಂದಿರು ಆ ಪುಸ್ತಕ ಹಿಡಿದೇ ಬಾವಿಗಳನ್ನು ಮತ್ತೆ ತೆರೆದರು. ಇವತ್ತು ನಾನು ಕುಡಿದ ನೀರು ಮೂವತ್ತೊಂದನೇ ಬಾವಿಯದು, ‘ಸಿಹಿ, ತಂಪು, ಮನೆಯವರು ಚಹಾನೂ ಕೊಟ್ಟರು’ ಎಂದು ಬರೆದದ್ದು.

ಬರೆದವರು ಯಾರು? ನಡಾವಳಿಯಲ್ಲಿ ಸನ್ಮಾನಿತರ ಹೆಸರುಗಳು ಪದವಿಗಳ ಸಮೇತ ಅರ್ಧ ಪುಟ ಇವೆ. ಇವರ ಬಗ್ಗೆ ಇರುವುದು ಇಷ್ಟು: ‘ಬಾವಿಗಳ ಪಟ್ಟಿಯನ್ನು ನಮ್ಮ ಸದಸ್ಯೆಯೊಬ್ಬರು ತಯಾರಿಸಿದರು.’ ಜೊತೆಗೆ ಒಂದು ಫೋಟೋ. ಎರಡನೇ ಸಾಲು, ಎಡದಿಂದ ಐದನೆಯವರು. ಕಂಕುಳಲ್ಲಿ ಕೆಂಪು ಪುಸ್ತಕ, ಸೊಂಟದ ಮೇಲೆ ಅಲುಗಾಡಿ ಮಸುಕಾದ ಕೂಸು. ಅವರ ಕಣ್ಣ ಕೆಳಗಿನ ಕಪ್ಪು ನನಗೆ ಚೆನ್ನಾಗಿ ಪರಿಚಯ. ಫೋಟೋದ ಹಿಂದೆ ಅಂದವಾದ ಅಕ್ಷರದಲ್ಲಿ, ‘ಎಲ್ಲರೂ ಪರಿಚಿತರೇ, ಹೆಸರು ಬೇಕಿಲ್ಲ.’

ಹುಲಿಗೆಮ್ಮಜ್ಜಿಗೆ ಹೇಳಿದೆ. “ಹೆಸರ ಗೊತ್ತಿಲ್ಲದಾಕಿ ಹೆಸರ ಇಡ್ತೀನಿ ಅಂತೀಯಲ್ಲವ್ವ, ಕೂಸನ್ನ ಏನಂತ ಕರಿಯೋದು, ‘ಏ ಇಕಿನ’ ಅಂತನಾ? ಆಗಿನ ಅಧ್ಯಕ್ಷರು ಚಂದ್ರಮೌಳೆಪ್ಪನವರ ಹೆಸರ ಇಡು. ನಡಾವಳ್ಯಾಗ ಹನ್ನೆರಡು ಕಡೆ ಐತಿ.”

“ಅಜ್ಜಿ, ಅವರು ಒಂದು ಬಾವಿನಾದ್ರೂ ಇಣುಕಿ ನೋಡ್ಯಾರಾ?”

ಅಜ್ಜಿ ಫೋಟೋವನ್ನು ಕಣ್ಣ ಹತ್ತಿರ ಹಿಡಿದರು. “ಬಗ್ಗಿದ್ರ ಪೇಟ ಬೀಳ್ತಿತ್ತೇನೋ,” ಎಂದರು. ಆದರೂ ಕಟ್ಟಳೆ ಕಟ್ಟಳೆಯೇ. ನಾಮಕರಣದೊಳಗೆ ಹೆಸರು ಸಿಗದಿದ್ದರೆ ನನ್ನ ಮಗಳು ಚಂದ್ರಮೌಳೆಪ್ಪ.

ಆದ್ದರಿಂದ ಕೈಮುಗಿದು ಕೇಳುತ್ತೇನೆ. ಆ ಫೋಟೋ ತೆಗೆಯುವುದು ೨೦೨೭ರ ಜನವರಿ ಹದಿನೇಳು, ಭಾನುವಾರ. ನಿಮಗಿನ್ನೂ ಸಮಯವಿದೆ. ಅಂದು, ನಡಾವಳಿಯಲ್ಲಿರುವಂತೆ, ಚಹಾ ತಡವಾಗುತ್ತದೆ, ಅದಕ್ಕೇ ಮೊದಲು ಫೋಟೋ ಎನ್ನುತ್ತೀರಿ. ಯಾರೋ ಒಬ್ಬರು ಹೆಸರು ಯಾಕೆ ಎನ್ನುತ್ತಾರೆ. ಅವರ ಮಾತು ಕೇಳಬೇಡಿ. ಕೆಂಪು ಪುಸ್ತಕದ ತಾಯಿ, ಕೂಸು ಅತ್ತಿತೆಂದು ನೀವು ಬೇಗ ಹೊರಟುಬಿಡುತ್ತೀರಿ. ಹೋಗಿ, ಆದರೆ ಹೆಸರು ಬರೆದು ಹೋಗಿ. ಪೆನ್ಸಿಲ್ಲಿನಲ್ಲೇ ಸಾಕು, ನಿಮ್ಮ ಪೆನ್ಸಿಲ್ ಇಷ್ಟು ಕಾಲ ಅಳಿಯದೆ ಉಳಿದಿದೆ.

ಇಷ್ಟು ಬರೆದ ಮೇಲೆ ಏನೋ ಅನುಮಾನ ಬಂದು, ಹೋದ ವಾರ ನಮ್ಮ ಕೂಟ ತೆಗೆಸಿದ ಫೋಟೋವನ್ನು ತಿರುಗಿಸಿ ನೋಡಿದೆ. ಹಿಂದೆ ಬರೆದ ಕಾರ್ಯದರ್ಶಿ ನನ್ನ ಗಂಡ ಪಂಪಾಪತಿಯೇ. ಮೊದಲ ಸಾಲಿನವರ ಹೆಸರೆಲ್ಲ ಬರೆದು, ‘ಮತ್ತು ಇತರ ಸದಸ್ಯರು’ ಎಂದು ಮುಗಿಸಿದ್ದಾರೆ. ಕೇಳಿದರೆ, “ನೀನು ಯಾರಿಗೆ ಗೊತ್ತಿಲ್ಲ ಹೇಳು?” ಎಂದರು.

ಮಗಳನ್ನು ಅವರ ಹೆಗಲಿಗೆ ದಾಟಿಸಿ ಪೆನ್ಸಿಲ್ ಕೈಗೆ ಕೊಟ್ಟೆ. ಅಲ್ಲೇ ನಿಂತು ಎಲ್ಲರದ್ದೂ ಬರೆಸಿದೆ. ಈಗ ಇಬ್ಬರೂ ಮಲಗಿದ್ದಾರೆ. ನಾನೂ ಸ್ವಲ್ಪ ಮಲಗುತ್ತೇನೆ. ನಾಮಕರಣದ ಬೆಳಿಗ್ಗೆ ನಿಮ್ಮ ಫೋಟೋವನ್ನು ಇನ್ನೊಮ್ಮೆ ತಿರುಗಿಸಿ ನೋಡುವೆ.

ಇಂತಿ,
ಮುಕ್ತಾಂಬೆ
(ಎರಡನೇ ಸಾಲು, ಎಡದಿಂದ ಮೂರನೆಯವಳು, ಹೆಗಲ ಮೇಲೆ ಕೂಸು)